ಟರ್ಬೊ ಯಂತ್ರಕ್ಕೆ ಎಣ್ಣೆ ನೀರುಗಳ ದಾರಿ

ಮೋಟಾರು ಎಂಜಿನ್ನು ಹೊರಗೆ ಬಿಡುವ ಹೊಗೆಯಲ್ಲಿ ಇನ್ನೂ ಬಹಳಷ್ಟು ಶಕ್ತಿ ಉಳಿದಿರುತ್ತದೆ. ಆ ಶಕ್ತಿಯನ್ನು ಸೈಲೆನ್ಸರಿನ ಮೂಲಕ ಬಯಲಿಗೆ ಚೆಲ್ಲುವುದಕ್ಕೆ ಬದಲಾಗಿ, ಅದರಿಂದ ಒಂದು ಚಕ್ರವನ್ನು ತಿರುಗಿಸಿ, ಅದೇ ಅಚ್ಚಿನ ಮತ್ತೊಂದು ತುದಿಯಲ್ಲಿರುವ ಇನ್ನೊಂದು ಚಕ್ರದಿಂದ ಗಾಳಿಯನ್ನು ಒತ್ತಿ ಎಂಜಿನ್ನಿಗೆ ಉಣಿಸಿದರೆ, ಗಾತ್ರ ಹೆಚ್ಚದೆಯೇ ಎಂಜಿನ್ನಿನ ಬಲ ಹೆಚ್ಚುತ್ತದೆ. ಇದೇ ಟರ್ಬೊ ಯಂತ್ರದ ತತ್ತ್ವ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿಯವರು 1905ರಲ್ಲಿ ಇದಕ್ಕೆ ಪೇಟೆಂಟು ಪಡೆದರು. ಸಾಮಾನ್ಯರು ಕೊಳ್ಳುವ ಕಾರುಗಳಿಗೆ ಅದು ಬಂದದ್ದು 1962ರಲ್ಲಿ, ಅಮೆರಿಕದ ಓಲ್ಡ್ಸ್‌ಮೊಬಿಲ್ ಮತ್ತು ಷೆವರ್ಲೆ ಕಂಪೆನಿಗಳ ಮೂಲಕ. ಇಂದು ನಮ್ಮ ರಸ್ತೆಗಳಲ್ಲಿ ಸಂಚರಿಸುವ ಡೀಸೆಲ್ ಲಾರಿ ಬಸ್ಸುಗಳಲ್ಲಿ ಟರ್ಬೊ ಇಲ್ಲದಿರುವುದೇ ವಿರಳ.

ಈ ಯಂತ್ರವನ್ನು ಕುರಿತು ಮಾತನಾಡುವವರೆಲ್ಲರೂ ಅದರ ಎರಡು ಚಕ್ರಗಳನ್ನೇ ಹೊಗಳುತ್ತಾರೆ. ಅವೆರಡರ ನಡುವೆ ಎರಕದ ಒಂದು ಚಿಕ್ಕ ಒಡಲಿದೆ. ಅಚ್ಚನ್ನು ಹೊತ್ತ ಬೇರಿಂಗುಗಳಿರುವುದು ಅದರೊಳಗೆ. ಆ ಒಡಲಿಗೆ ನಾಲ್ಕು ನಳಿಗೆಗಳು ಸೇರುತ್ತವೆ. ಎಣ್ಣೆಗೆ ಒಂದು ಒಳದಾರಿ, ಒಂದು ಹೊರದಾರಿ, ನೀರಿಗೂ ಹಾಗೆಯೇ. ಟರ್ಬೊ ಕೆಟ್ಟಿತೆಂದು ಹೊಸದನ್ನು ತಂದು ಕೂಡಿಸಿ, ಕೆಲವೇ ದಿನಗಳಲ್ಲಿ ಅದೂ ಕೆಟ್ಟು, ವಾಹನದ ಒಡೆಯನು ತಲೆಯ ಮೇಲೆ ಕೈಹೊತ್ತು ಕೂರುವ ಪ್ರಸಂಗಗಳುಂಟು. ಅನೇಕ ವೇಳೆ ಅಲ್ಲಿ ಅಪರಾಧ ಟರ್ಬೊವಿನದಲ್ಲ, ಈ ನಳಿಗೆಗಳದು. ಆದುದರಿಂದ ಚಕ್ರಗಳ ಮಾತನ್ನು ಬದಿಗಿಟ್ಟು ಈ ನಾಲ್ಕು ನಳಿಗೆಗಳನ್ನು ಮಾತ್ರ ವಿಚಾರಿಸೋಣ.

ಉದಾಹರಣೆಗಾಗಿ ಜಪಾನಿನ ಮಜ್ದಾ ಕಂಪೆನಿಯ ಎಂ.ಎಕ್ಸ್.-5 ಎಂಬ ಎರಡಾಸನದ ಕಾರನ್ನು ತೆಗೆದುಕೊಳ್ಳುತ್ತೇವೆ. 1989ರಲ್ಲಿ ಹೊರಬಂದ, ಅಮೆರಿಕದಲ್ಲಿ ಮಿಯಾಟಾ ಎಂದು ಹೆಸರಾದ ಈ ಕಾರಿನ 1.6 ಲೀಟರ್ ಎಂಜಿನ್ನಿಗೆ ಕಾರ್ಖಾನೆಯವರು ಟರ್ಬೊ ಇಟ್ಟಿರಲಿಲ್ಲ. ಅಮೆರಿಕದ ಹವ್ಯಾಸಿಗಳು ತಾವೇ ಅದನ್ನು ಕೂಡಿಸತೊಡಗಿದರು. ಕಾರ್ಖಾನೆ ಯೋಚಿಸದಿದ್ದ ನಾಲ್ಕೂ ದಾರಿಗಳನ್ನು ಹವ್ಯಾಸಿಯೇ ಹುಡುಕಬೇಕಾದುದರಿಂದ ಕಲಿಯುವವನಿಗೆ ಇದು ಒಳ್ಳೆಯ ಪಾಠ. (ನಮ್ಮ ದೇಶದಲ್ಲಿ ನೋಂದಣಿಯಾದ ವಾಹನವನ್ನು ಹೀಗೆ ಮನಬಂದಂತೆ ಮಾರ್ಪಡಿಸಲು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಅಡ್ಡಬರುತ್ತದೆಂಬುದನ್ನು ತರುಣರು ಮರೆಯಬಾರದು. ಆದರೆ ಲಾರಿಯ ಟರ್ಬೊವನ್ನು ಬಿಚ್ಚಿ ಜೋಡಿಸುವವನಿಗೂ ಇದೇ ನಿಯಮಗಳು ಅನ್ವಯಿಸುತ್ತವೆ.)

ಮೊದಲು ಎಣ್ಣೆಯ ಒಳದಾರಿ. ಟರ್ಬೊವಿನ ಅಚ್ಚು ನಿಮಿಷಕ್ಕೆ ಒಂದು ಲಕ್ಷ ಸುತ್ತುಗಳಿಗೂ ಮಿಗಿಲಾಗಿ ತಿರುಗಬಲ್ಲದು. ಅಷ್ಟು ವೇಗದಲ್ಲಿ ಲೋಹಕ್ಕೆ ಲೋಹ ತಾಗಿದರೆ ಕ್ಷಣಮಾತ್ರದಲ್ಲಿ ಎಲ್ಲವೂ ಮುಗಿಯಿತು. ಅಚ್ಚು ನಿಜವಾಗಿ ತೇಲುತ್ತಿರುವುದು ಕೂದಲೆಳೆಗಿಂತ ತೆಳುವಾದ ಎಣ್ಣೆಯ ಪದರದ ಮೇಲೆ. ಆದ್ದರಿಂದ ಎಣ್ಣೆಯನ್ನು ಫಿಲ್ಟರು ದಾಟಿದ ಮೇಲೆ, ಒತ್ತಡವಿರುವ ಕಡೆಯಿಂದಲೇ ತರತಕ್ಕದ್ದು. ಮಜ್ದಾ ಕಾರಿನಲ್ಲಿ ಎಣ್ಣೆಯ ಒತ್ತಡವನ್ನು ಅಳೆಯುವ ಸಾಧನವನ್ನು ತಿರುಗಿಸಿ ಕೂಡಿಸಿರುವ ರಂಧ್ರವೇ ಇದಕ್ಕೆ ಅನುಕೂಲ. ಅಲ್ಲಿ ಒಂದು ಕವಲು ಹಾಕಿ, ಒಂದು ಬಾಯಿಗೆ ಆ ಸಾಧನವನ್ನೂ ಮತ್ತೊಂದಕ್ಕೆ ಟರ್ಬೊವಿನ ನಳಿಗೆಯನ್ನೂ ಸೇರಿಸುತ್ತಾರೆ.

ಇಲ್ಲೊಂದು ಮೋಸವಿದೆ. ಆ ರಂಧ್ರದ ಥ್ರೆಡ್ಡು ಬ್ರಿಟಿಷ್ ಅಳತೆಯದು. ಅಂಗುಲಕ್ಕೆ 28 ಸುತ್ತು. ಅಮೆರಿಕದ ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ಅದೇ ಹೆಸರಿನ, ಅಂದರೆ ಎಂಟನೆಯ ಒಂದು ಅಂಗುಲದ, ಜೋಡಣೆಗೆ 27 ಸುತ್ತು. ಕೈಗೆ ಎರಡೂ ಒಂದೇ ಎನಿಸುತ್ತವೆ. ಎರಡು ಮೂರು ಸುತ್ತು ಸಲೀಸಾಗಿ ಹೋಗಲೂ ಹೋಗುತ್ತವೆ. ಅನಂತರ ಬಿಗಿಯಾದಾಗ ಸ್ಪ್ಯಾನರಿನ ಬಲದಿಂದ ಕೂಡಿಸಿದವನು ಎಂಜಿನ್ನಿನ ಮೈಯ ಥ್ರೆಡ್ಡನ್ನೇ ಕೆಡಿಸುತ್ತಾನೆ. ಒಂದೇ ಒಂದು ಸುತ್ತಿನ ವ್ಯತ್ಯಾಸದಿಂದ ಎಂಜಿನ್ನಿನ ಎಣ್ಣೆಯೆಲ್ಲ ರಸ್ತೆಯ ಪಾಲಾಗಬಹುದು. ಕವಲು ಹಿತ್ತಾಳೆಯದಾಗಿದ್ದು, ಅದರ ಮೇಲೆ ಭಾರವಾದ ಸಾಧನವನ್ನು ತೂಗುಬಿಟ್ಟರೆ, ಎಂಜಿನ್ನಿನ ಅದುರಾಟಕ್ಕೆ ಅದು ಕುತ್ತಿಗೆಯಲ್ಲಿ ಮುರಿಯುವ ಸಂಭವವೂ ಉಂಟು. ಸೋರದಿರಲೆಂದು ಥ್ರೆಡ್ಡಿಗೆ ಸುತ್ತುವ ಬಿಳಿಯ ಟೇಪಿನ ಚೂರೊಂದು ಒಳಗೆ ಹರಿದುಹೋದರೆ ಬೇರಿಂಗಿನ ಸಣ್ಣ ಕಂಡಿಯನ್ನು ಮುಚ್ಚಲು ಅದೊಂದೇ ಸಾಕು. ಈ ಕೆಲಸದಲ್ಲಿ ಟೇಪನ್ನು ದೂರವಿಡುವುದೇ ಲೇಸೆಂದು ನಮ್ಮ ಅಭಿಪ್ರಾಯ. ಇದಕ್ಕೆಂದೇ ಇರುವ ದ್ರವರೂಪದ ಅಂಟು ದೊರೆಯುತ್ತದೆ.

ಎಣ್ಣೆ ಹೆಚ್ಚು ಹರಿದಷ್ಟೂ ಒಳ್ಳೆಯದೆಂದು ತಿಳಿಯುವುದೂ ತಪ್ಪು. ತೇಲುವ ಬುಷ್ಷಿನ ಟರ್ಬೊಗಳಿಗೆ ಸಾಮಾನ್ಯವಾಗಿ ತಡೆ ಬೇಡ. ಗುಂಡುಗಳ ಬೇರಿಂಗು ಇರುವವಕ್ಕೆ ಬೇಕಾಗುವ ಎಣ್ಣೆ ಕಡಮೆ. ಎಂಜಿನ್ನಿನ ಪರಮ ವೇಗದಲ್ಲಿ ಚದರ ಅಂಗುಲಕ್ಕೆ 40ರಿಂದ 45 ಪೌಂಡು ಒತ್ತಡ ಸಾಕೆಂದು ಗ್ಯಾರೆಟ್ ಕಂಪೆನಿಯವರು ಹೇಳುತ್ತಾರೆ. ಅದಕ್ಕಿಂತ ಹೆಚ್ಚಿದ್ದಲ್ಲಿ ಸುಮಾರು ಒಂದು ಮಿಲಿಮೀಟರಿನ ರಂಧ್ರವುಳ್ಳ ತಡೆಯನ್ನು ಒಳದಾರಿಯಲ್ಲಿ ಇಡಬೇಕಾಗುತ್ತದೆ.

ಇನ್ನು ಎಣ್ಣೆಯ ಹೊರದಾರಿ. ಎಲ್ಲಕ್ಕಿಂತ ಮುಖ್ಯವಾದುದೂ ಎಲ್ಲರೂ ಅಸಡ್ಡೆ ಮಾಡುವುದೂ ಇದನ್ನೇ. ಒಳಗೆ ಬರುವಾಗ ಎಣ್ಣೆಗೆ ಪಂಪಿನ ಒತ್ತಡವಿದೆ; ಹೊರಗೆ ಹೋಗುವಾಗ ಯಾವ ಒತ್ತಡವೂ ಇಲ್ಲ. ಅಷ್ಟೇ ಅಲ್ಲ, ಅಚ್ಚಿನ ಸುತ್ತ ಗಾಳಿಯೊಡನೆ ಕಡೆದುಹೋದ ಎಣ್ಣೆಯು ಮಜ್ಜಿಗೆಯ ನೊರೆಯಂತೆ ಉಬ್ಬಿರುತ್ತದೆ. ಈ ನೊರೆಯು ತನ್ನ ಭಾರದಿಂದಲೇ ಇಳಿದು, ಎಂಜಿನ್ನಿನ ತಳದ ಎಣ್ಣೆತೊಟ್ಟಿಯನ್ನು, ಎಂದರೆ ಗ್ಯಾರೇಜಿನವರು ಚೇಂಬರು ಎನ್ನುವುದನ್ನು, ಸೇರಬೇಕು. ಆದುದರಿಂದ ಒಳದಾರಿ ಕಿರುಬೆರಳಿಗಿಂತ ಸಣ್ಣದಿದ್ದರೂ ಹೊರದಾರಿಯ ಒಳವ್ಯಾಸ ಅರ್ಧ ಅಂಗುಲಕ್ಕೆ ಕಡಮೆಯಾಗಕೂಡದು. ಟರ್ಬೊವಿನ ಎಣ್ಣೆ ಇಳಿಯುವ ಬಾಯಿ ನೇರ ಕೆಳಮುಖದಿಂದ 35 ಡಿಗ್ರಿಗಿಂತ ಹೆಚ್ಚು ಓರೆಯಾಗಬಾರದು. ನಡುವೆ ಎಲ್ಲಿಯೂ ತಗ್ಗು ಬಿದ್ದು ಮತ್ತೆ ಏರಬಾರದು. ನಮ್ಮ ಬಚ್ಚಲಿನ ನೀರು ಹೋಗುವ ಕೊಳವೆಗೆ ವಾಟ ಕೊಡುವಾಗ ಗಾರೆಯವನು ವಹಿಸುವ ಎಚ್ಚರವೇ ಇಲ್ಲಿಯೂ ಬೇಕು.

ಈ ದಾರಿ ಕಟ್ಟಿಕೊಂಡರೆ ಏನಾಗುತ್ತದೆ? ಟರ್ಬೊವಿನ ಎರಡು ತುದಿಗಳಲ್ಲಿ ಎಣ್ಣೆಯನ್ನು ತಡೆಯುವುದಕ್ಕೆ ರಬ್ಬರಿನ ಸೀಲು ಇರುವುದಿಲ್ಲ. ಪಿಸ್ಟನ್ ರಿಂಗಿನಂಥ ಸಣ್ಣ ಬಳೆಗಳಿರುತ್ತವೆ. ಹರಿದುಹೋಗುವ ಎಣ್ಣೆಗೆ ಅವು ಸಾಲುತ್ತವೆ, ನಿಂತ ಎಣ್ಣೆಗೆ ಸಾಲವು. ನಿಂತ ಎಣ್ಣೆಯು ಅವುಗಳನ್ನು ದಾಟಿ ಬಿಸಿಚಕ್ರದ ಕಡೆಗೆ ನುಗ್ಗುತ್ತದೆ. ಹಿಂದಿನಿಂದ ನೀಲಿಯ ಹೊಗೆ ಏಳುತ್ತದೆ. ನೋಡಿದವರು ‘ಟರ್ಬೊ ಸೀಲು ಹೋಗಿದೆ’ ಎಂದು ತೀರ್ಪು ಕೊಡುತ್ತಾರೆ. ಚೇಂಬರಿನಲ್ಲಿ ಎಣ್ಣೆ ಮಿತಿಮೀರಿ ತುಂಬಿದ್ದರೂ, ಎಂಜಿನ್ನಿನ ಒಡಲಿನ ಗಾಳಿ ಹೊರಹೋಗುವ ಬ್ರೀದರು ಕಟ್ಟಿಕೊಂಡು ಒಳಗೆ ಒತ್ತಡ ಏರಿದ್ದರೂ ಇದೇ ಹೊಗೆ ಬರುತ್ತದೆ. ಹೊಸ ಟರ್ಬೊ ತರಿಸುವುದಕ್ಕೆ ಮುಂಚೆ ಇವನ್ನು ನೋಡಿದರೆ ಖರ್ಚು ಉಳಿದೀತು.

ಮಜ್ದಾ ಕಾರಿನಲ್ಲಿ ಹೊರದಾರಿಗೆ ಸಿದ್ಧವಾದ ಬಾಯಿಲ್ಲ. ಚೇಂಬರಿನ ಪಕ್ಕದ ಗೋಡೆಯನ್ನು ಕೊರೆದು ಟ್ಯಾಪು ಹೊಡೆಯಬೇಕು. ರಂಧ್ರವು ಎಣ್ಣೆಯ ಮಟ್ಟಕ್ಕಿಂತ ಮೇಲಿರಬೇಕು. ಕೆಳಗಿದ್ದರೆ ನೊರೆ ಒಳಗಿಳಿಯಲಾರದು. ಕೊರೆಯುವ ಮೊನೆಗೆ ಗ್ರೀಸು ಮೆತ್ತಿಕೊಂಡು ಕೊರೆದರೆ ಚೂರುಗಳು ಅಂಟಿಕೊಳ್ಳುತ್ತವೆಂದು ಕೆಲವರು ಹಾಗೆಯೇ ಕೆಲಸ ಮುಗಿಸುವುದುಂಟು. ಚೇಂಬರನ್ನು ಕಳಚಿ ಕೊರೆದು, ತೊಳೆದು ಮತ್ತೆ ಕೂಡಿಸುವುದು ದೀರ್ಘವಾದರೂ ನಿಶ್ಚಿಂತೆಯ ದಾರಿ.

ನೀರಿನ ವಿಷಯ ಸ್ವಾರಸ್ಯವಾಗಿದೆ. ಮೊದಮೊದಲಿನ ಟರ್ಬೊಗಳಿಗೆ ಎಣ್ಣೆಯೇ ತಂಪು; ಕಾರುಗಳ ಟರ್ಬೊವಿನ ನಡುವಣ ಒಡಲಿನಲ್ಲಿ ನೀರಿನ ಹಾದಿ ಬಳಕೆಗೆ ಬಂದುದು 1980ರ ದಶಕದಲ್ಲಿ. ಎಂಜಿನ್ನು ಓಡುತ್ತಿರುವಾಗ ಎಣ್ಣೆಯೇ ಬಿಸಿಯನ್ನು ಹೊತ್ತೊಯ್ಯುತ್ತದೆ. ಸಂಕಟ ಬರುವುದು ಎಂಜಿನ್ನು ನಿಂತ ಮೇಲೆ. ಪೆಟ್ರೋಲ್ ಎಂಜಿನ್ನಿನ ಹೊಗೆ ಪೂರ್ಣಭಾರದಲ್ಲಿ 900 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ಕೆಂಪಗೆ ಕಾದ ಕಬ್ಬಿಣ ಪಕ್ಕದಲ್ಲಿಯೇ ಇದೆ, ಎಣ್ಣೆಯ ಪಂಪು ನಿಂತಿದೆ. ಬಿಸಿಯೆಲ್ಲ ಅಚ್ಚಿನ ಗುಂಟ ಬೇರಿಂಗಿಗೆ ಬರುತ್ತದೆ. ಅಲ್ಲಿ ಉಳಿದ ಎಣ್ಣೆಯು ಬೆಂದು, ಬಾಣಲೆಯ ತಳಕ್ಕೆ ಹತ್ತಿದ ಕರಿಯಂತೆ ಗಟ್ಟಿಯಾಗಿ, ಕ್ರಮೇಣ ಎಣ್ಣೆಯ ಕಂಡಿಗಳನ್ನೇ ಮುಚ್ಚುತ್ತದೆ. ಘಟ್ಟ ಹತ್ತಿ ಬಂದ ಲಾರಿಯ ಎಂಜಿನ್ನನ್ನು ಥಟ್ಟನೆ ನಿಲ್ಲಿಸದೆ ಸ್ವಲ್ಪ ಹೊತ್ತು ಮೆಲ್ಲಗೆ ಓಡಗೊಡಬೇಕೆಂದು ಚಾಲಕರಿಗೆ ಹೇಳುವುದು ಈ ಕಾರಣದಿಂದಲೇ.

ನೀರಿನ ಪಂಪು ಕೂಡ ಎಂಜಿನ್ನಿನೊಡನೆ ನಿಲ್ಲುತ್ತದಲ್ಲವೆ, ಮತ್ತೆ ನೀರಿನಿಂದ ಏನು ಪ್ರಯೋಜನವೆಂದು ವಿದ್ಯಾರ್ಥಿಗಳು ಕೇಳಬಹುದು. ಮಾಳಿಗೆಯ ಮೇಲಿನ ಸೌರ ಹಂಡೆಯನ್ನು ನೋಡಿರಿ. ಅದಕ್ಕೆ ಪಂಪಿಲ್ಲ. ಕೆಳಗೆ ಕಾದ ನೀರು ಹಗುರಾಗಿ ಮೇಲಿನ ತೊಟ್ಟಿಗೆ ಏರುತ್ತದೆ. ಅದರ ಸ್ಥಳಕ್ಕೆ ತಣ್ಣೀರು ಇಳಿದು ಬರುತ್ತದೆ. ಟರ್ಬೊವಿನಲ್ಲಿಯೂ ಹೀಗೆಯೇ ಆಗುವಂತೆ ಮಾಡಬಹುದು. ತಣ್ಣೀರು ಕೆಳಗಿನ ಬಾಯಿಯಿಂದ ಬಂದು ಬಿಸಿನೀರು ಮೇಲಿನ ಬಾಯಿಯಿಂದ ಹೋಗಬೇಕು. ಅದಕ್ಕಾಗಿ ಎರಡು ಬಾಯಿಗಳನ್ನು ಕೂಡಿಸುವ ಗೆರೆಯು ಸಮತಲಕ್ಕೆ ಸುಮಾರು 20 ಡಿಗ್ರಿ ಓರೆಯಾಗುವಂತೆ ನಡುವಣ ಒಡಲನ್ನು ತಿರುಗಿಸಿ ಬಿಗಿಯುತ್ತಾರೆ. ಎಣ್ಣೆಯ ಬಾಯಿಯೂ ಅದರೊಡನೆ ಓರೆಯಾಗುತ್ತದೆಂಬುದು ನೆನಪಿರಲಿ. 35 ಡಿಗ್ರಿಯ ಮಿತಿಯೊಳಗೆ ಎರಡನ್ನೂ ಹೊಂದಿಸಬೇಕು. ಮೇಲಿನ ಬಾಯಿಯಿಂದ ಹೊರಟ ನಳಿಗೆ ಎಡೆಬಿಡದೆ ಏರುತ್ತ ಸಾಗಬೇಕು. ನಡುವೆ ಒಂದು ಗೂನು ಬಿದ್ದರೂ ಅಲ್ಲಿ ಗಾಳಿಯೋ ಹಬೆಯೋ ಸೇರಿ ಹರಿವು ನಿಂತುಹೋಗುತ್ತದೆ. ಓಡುವಾಗ ನೀರು ಹರಿಯಲು ಒತ್ತಡದ ಅಂತರವೂ ಬೇಕಷ್ಟೆ. ಹೀಟರಿಗೆ ನೀರು ಹೋಗುವ ಹೋಸಿನಿಂದ ಕವಲೊಡೆದು, ಪಂಪು ನೀರು ಹೀರುವ ಕಡೆಗೆ ಹಿಂತಿರುಗಿಸಿದರೆ ಅದು ದೊರೆಯುತ್ತದೆ.

ನಳಿಗೆಗಳನ್ನು ಎಳೆಯುವಾಗ ಬೆಂಕಿಯ ಭಯವನ್ನು ಕ್ಷಣವೂ ಮರೆಯುವಂತಿಲ್ಲ. ಮಜ್ದಾ ಕಾರಿನಲ್ಲಿ ಎಣ್ಣೆ ಹೊರಡುವುದು ಎಂಜಿನ್ನಿನ ಒಂದು ಮಗ್ಗುಲಲ್ಲಿ, ಟರ್ಬೊ ಇರುವುದು ಎದುರು ಮಗ್ಗುಲಲ್ಲಿ. ಹೀಗೆ ಸುತ್ತಿಬರುವ ನಳಿಗೆ ಎಲ್ಲಿಯಾದರೂ ಉಜ್ಜಿ ತೂತಾಗಿ, ಒತ್ತಡದ ಎಣ್ಣೆ ಕಾದ ಕಬ್ಬಿಣದ ಮೇಲೆ ಚಿಮ್ಮಿದರೆ ಕಾರು ಉರಿದುಹೋಗಬಹುದು. ಒಳಗೆ ಕುಳಿತವರ ಗತಿಯೇನೆಂದು ಹೇಳಬೇಕಾಗಿಲ್ಲ. ಒಳಗೆ ಟೆಫ್ಲಾನು, ಹೊರಗೆ ಸ್ಟೀಲಿನ ಹೆಣಿಗೆ ಇರುವ ಹೋಸನ್ನೇ ಹಾಕತಕ್ಕದ್ದು. ಆ ಹೆಣಿಗೆಯೇ ಗರಗಸದಂತೆ ಪಕ್ಕದ ತಂತಿಗಳನ್ನು ಕೊಯ್ಯುವುದರಿಂದ ಮೇಲೊಂದು ತೋಳು ತೊಡಿಸಿ, ಅಲ್ಲಲ್ಲಿ ಕ್ಲಿಪ್ಪು ಹಾಕಬೇಕು. ಎಂಜಿನ್ನು ರಬ್ಬರಿನ ಮೇಲೆ ಕುಳಿತು ಓಲಾಡುತ್ತದೆ, ಚಾಸಿ ಓಲಾಡುವುದಿಲ್ಲ. ಇವೆರಡರ ನಡುವೆ ಹೋಗುವ ಯಾವ ನಳಿಗೆಯನ್ನೂ ಬಿಗಿದು ಎಳೆಯಬಾರದು.

ಎಲ್ಲವೂ ಕೂಡಿದ ಮೇಲೆ ಕೂಡಲೇ ಎಂಜಿನ್ನು ಹೊತ್ತಿಸಬಾರದು. ಟರ್ಬೊವಿನ ಎಣ್ಣೆಯ ಬಾಯಿಗೆ ಶುದ್ಧವಾದ ಎಣ್ಣೆಯನ್ನು ಸ್ವಲ್ಪ ಸುರಿದು, ಚಕ್ರವನ್ನು ಬೆರಳಿನಿಂದ ತಿರುಗಿಸಿ, ಇಂಧನವನ್ನೂ ಕಿಡಿಯನ್ನೂ ತಡೆಹಿಡಿದು ಸ್ಟಾರ್ಟರಿನಿಂದ ಮಾತ್ರ ಎಂಜಿನ್ನನ್ನು ತಿರುಗಿಸಬೇಕು. ಎಣ್ಣೆಯ ಒತ್ತಡ ಕಾಣಿಸಿಕೊಂಡ ಮೇಲೆ ಹೊತ್ತಿಸಿ, ಮೆಲ್ಲನೆ ಓಡುತ್ತಿರುವಾಗಲೇ ಪ್ರತಿಯೊಂದು ಜೋಡಣೆಯನ್ನೂ ದೀಪ ಹಿಡಿದು ನೋಡಬೇಕು. ಎಂಜಿನ್ನು ಒಮ್ಮೆ ಪೂರ್ತಿಯಾಗಿ ಕಾದು ಆರಿದ ಬಳಿಕ ರೇಡಿಯೇಟರಿನ ನೀರಿನ ಮಟ್ಟ ಇಳಿದಿರುತ್ತದೆ, ಏಕೆಂದರೆ ಹೊಸ ನಳಿಗೆಗಳಲ್ಲಿದ್ದ ಗಾಳಿ ಆಗ ಹೊರಟಿರುತ್ತದೆ. ಅಷ್ಟನ್ನು ತುಂಬಿ, ಹೋಸಿನ ಕ್ಲಿಪ್ಪುಗಳನ್ನು ಇನ್ನೊಮ್ಮೆ ಬಿಗಿದು, ಆಮೇಲೆ ಕಾರನ್ನು ರಸ್ತೆಗೆ ಇಳಿಸಬಹುದು.