ಬೆಟ್ಟದ ಕೆರೆಯ ಬಳಿ ಎರಡು ರಾತ್ರಿ: ವಿವೇಕದ ಒಂದು ಪಾಠ

ಕ್ರಿಸ್ಮಸ್ ರಜೆ ಹತ್ತಿರವಾಗುತ್ತಿದ್ದಂತೆ ನಮ್ಮ ಧರ್ಮಕೇಂದ್ರಗಳಲ್ಲಿ ನಾಲ್ಕೈದು ಕುಟುಂಬಗಳು ಸೇರಿ ಎಲ್ಲಿಯಾದರೂ ಗುಡಾರ ಹೂಡಿ ತಂಗುವ ಮಾತು ಏಳುತ್ತದೆ. ಒಬ್ಬರು ವ್ಯಾನು ಗೊತ್ತುಮಾಡುತ್ತಾರೆ, ಇನ್ನೊಬ್ಬರು ಅಕ್ಕಿ-ಬೇಳೆಯ ಲೆಕ್ಕ ಹಾಕುತ್ತಾರೆ. ಅಲ್ಲಿಗೆ ತಯಾರಿ ಮುಗಿಯಿತೆಂದು ಭಾವಿಸುತ್ತೇವೆ. ಆದರೆ ಮಕ್ಕಳನ್ನೂ ವೃದ್ಧರನ್ನೂ ಕಾಡಿನಂಚಿಗೆ ಕರೆದೊಯ್ಯುವವರ ಹೊಣೆ ಇದಕ್ಕಿಂತ ದೊಡ್ಡದು.

ಸಂತ ಥಾಮಸ್ ಅಕ್ವಿನಾಸರು ವಿವೇಕವೆಂಬ ಸದ್ಗುಣದಲ್ಲಿ ಮೂರು ಕ್ರಿಯೆಗಳನ್ನು ಗುರುತಿಸುತ್ತಾರೆ: ವಿಚಾರಿಸುವುದು, ತೀರ್ಮಾನಿಸುವುದು ಮತ್ತು ತೀರ್ಮಾನವನ್ನು ಆಜ್ಞೆಯಾಗಿ ಕಾರ್ಯಕ್ಕೆ ತರುವುದು. ಈ ಮೂರರಲ್ಲಿ ಕೊನೆಯದೇ ಮುಖ್ಯವೆಂಬುದು ಅವರ ಬೋಧನೆ. ಮೈಸೂರು ಕಡೆಯ ಕುಟುಂಬಗಳು ವಯನಾಡಿನ ಪೂಕೋಡು ಕೆರೆಗೆ ಹೊರಟಿವೆ ಎಂದು ಭಾವಿಸಿ, ಈ ಪಾಠವನ್ನು ಅನ್ವಯಿಸಿ ನೋಡೋಣ.

1. ವಿಚಾರಿಸುವುದು

ಪೂಕೋಡು ವೈತಿರಿಯ ಸಮೀಪ, ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿ, ಕಾಡು ಬೆಟ್ಟಗಳ ನಡುವೆ ಇರುವ ಸಣ್ಣ ಸಿಹಿನೀರಿನ ಕೆರೆ. ಸುತ್ತ ಉದ್ಯಾನವಿದೆ, ದೋಣಿವಿಹಾರವಿದೆ. ಇದು ಹಗಲು ನೋಡಿ ಹಿಂತಿರುಗುವ ಜಾಗ. ರಾತ್ರಿಯ ಗುಡಾರಕ್ಕೆ ಹೊರಗೆ ಬೇರೆ ಸ್ಥಳ ಹುಡುಕಬೇಕು. ಇದನ್ನು ಮೊದಲೇ ತಿಳಿಯದೆ ಹೋದವರು ಕತ್ತಲಾಗುವ ಹೊತ್ತಿಗೆ ಮಕ್ಕಳೊಡನೆ ರಸ್ತೆಬದಿಯಲ್ಲಿ ನಿಲ್ಲಬೇಕಾಗುತ್ತದೆ.

ಎರಡನೆಯದು ದಾರಿ. ಮೈಸೂರಿನಿಂದ ಗುಂಡ್ಲುಪೇಟೆ, ಬಂಡೀಪುರ, ಸುಲ್ತಾನ್ ಬತ್ತೇರಿ, ಕಲ್ಪೆಟ್ಟ ಮಾರ್ಗವಾಗಿ ಸುಮಾರು 150 ಕಿಲೋಮೀಟರ್. ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನಗಳನ್ನು ಬಿಡುವುದಿಲ್ಲ. 2009ರಲ್ಲಿ ವನ್ಯಜೀವಿಗಳ ರಕ್ಷಣೆಗೆಂದು ಬಂದ ನಿಯಮವಿದು. ಆದ್ದರಿಂದ ಹಿಂತಿರುಗುವ ದಿನ ಮಧ್ಯಾಹ್ನವೇ ಹೊರಡುವ ಲೆಕ್ಕವಿರಲಿ.

ಮೂರನೆಯದು ಋತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರು ಇಲ್ಲಿ ಬಿರುಸಾಗಿರುತ್ತದೆ, ಅಕ್ಟೋಬರ್-ನವೆಂಬರ್‌ನಲ್ಲಿ ಹಿಂಗಾರು ಬರುತ್ತದೆ. ಗುಡಾರಕ್ಕೆ ಡಿಸೆಂಬರ್‌ನಿಂದ ಫೆಬ್ರವರಿವರೆಗಿನ ತಿಂಗಳುಗಳೇ ವಾಸಿ. ಆಗ ರಾತ್ರಿ ಚಳಿ ಹೆಚ್ಚು. ತಣ್ಣನೆಯ ಗಾಳಿ ಇಳಿದು ತಗ್ಗಿನಲ್ಲಿ ನಿಲ್ಲುವುದರಿಂದ ನೀರಿನ ಅಂಚಿಗಿಂತ ಸ್ವಲ್ಪ ಎತ್ತರದ ಸಮತಟ್ಟು ಜಾಗ ಬೆಚ್ಚಗಿರುತ್ತದೆ. ನೆಲಕ್ಕೆ ಟಾರ್ಪಾಲು, ತಲೆಗೊಂದರಂತೆ ಕಂಬಳಿ ಬೇಕೇ ಬೇಕು.

2. ತೀರ್ಮಾನಿಸುವುದು

ವಿಚಾರಿಸಿದ್ದನ್ನೆಲ್ಲ ತೂಗಿ ನೋಡಿ ಆರಿಸಿಕೊಳ್ಳುವುದು ಎರಡನೆಯ ಹೆಜ್ಜೆ. ಎಲ್ಲಿ ಮಲಗುವುದು ಎಂಬುದೇ ಇಲ್ಲಿ ಮೊದಲ ಪ್ರಶ್ನೆ. 2021ರ ಜನವರಿಯಲ್ಲಿ ಇದೇ ವಯನಾಡಿನ ಮೇಪ್ಪಾಡಿಯ ಬಳಿ ಗುಡಾರದಲ್ಲಿ ತಂಗಿದ್ದ ಯುವತಿಯೊಬ್ಬಳು ಕಾಡಾನೆಯ ದಾಳಿಗೆ ಬಲಿಯಾದಳು. 2024ರ ಜುಲೈ 30ರ ನಸುಕಿನಲ್ಲಿ ಮುಂಡಕೈ, ಚೂರಲ್‌ಮಲ ಊರುಗಳ ಮೇಲೆ ಗುಡ್ಡ ಕುಸಿದು 250ಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಅಲ್ಲಿ ಸತ್ತವರಲ್ಲಿ ಹೆಚ್ಚಿನವರು ತಮ್ಮ ಮನೆಗಳಲ್ಲೇ ಮಲಗಿದ್ದವರು. ಬಟ್ಟೆಯ ಗುಡಾರ ನಮಗೆ ಯಾವ ರಕ್ಷಣೆ ಕೊಟ್ಟೀತು? ಆದ್ದರಿಂದ ಪರವಾನಗಿ ಇರುವ, ಬೇಲಿ ಮತ್ತು ಕಾವಲುಗಾರ ಇರುವ, ಹತ್ತಿರದಲ್ಲೇ ಗಟ್ಟಿ ಕಟ್ಟಡವಿರುವ ಆವರಣವನ್ನೇ ಆರಿಸಬೇಕು. ಕಡಿದಾದ ಇಳಿಜಾರಿನ ಬುಡ, ತೊರೆಯ ದಂಡೆ, ಆನೆ ಓಡಾಡುವ ದಾರಿ ಇವುಗಳನ್ನು ಬಿಡಬೇಕು. ಬಾಡಿಗೆ ಸ್ವಲ್ಪ ಹೆಚ್ಚಾದರೂ ಚಿಂತೆಯಿಲ್ಲ.

ಒಣ ತಿಂಗಳುಗಳಲ್ಲಿ ಉಣ್ಣೆಯ ಕಾಟವೂ ಉಂಟು. 1957ರಲ್ಲಿ ನಮ್ಮ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಉಣ್ಣೆ ಕಚ್ಚುವುದರಿಂದ ಹರಡುತ್ತದೆ. 2015ರಲ್ಲಿ ಅದು ವಯನಾಡಿನಲ್ಲೂ ಹಲವರನ್ನು ಕಾಡಿತು. ಮೈತುಂಬ ಬಟ್ಟೆ ಧರಿಸುವುದು, ತರಗೆಲೆಯ ಮೇಲೆ ಕೂರದಿರುವುದು, ಸಂಜೆ ಮಕ್ಕಳ ಮೈ ಪರೀಕ್ಷಿಸುವುದು ಒಳ್ಳೆಯದು. ಹಿಂತಿರುಗಿದ ಮೇಲೆ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ತಿಳಿಸಬೇಕು.

ಇನ್ನು ಭಾನುವಾರದ ಬಲಿಪೂಜೆ. ಅಲ್ಲಿ ಹೆಚ್ಚಾಗಿ ಸಿರೋ-ಮಲಬಾರ್ ವಿಧಿಯ ದೇವಾಲಯಗಳಿವೆ, ನಮ್ಮದು ಲತೀನ್ ವಿಧಿ ಎಂದು ಯಾರೂ ಹಿಂಜರಿಯಬೇಕಿಲ್ಲ. ಯಾವುದೇ ಕಥೋಲಿಕ ವಿಧಿಯಲ್ಲಿ, ಆ ದಿನವಾಗಲಿ ಹಿಂದಿನ ಸಂಜೆಯಾಗಲಿ ಬಲಿಪೂಜೆಯಲ್ಲಿ ಭಾಗವಹಿಸಿದರೆ ಕರ್ತವ್ಯ ನೆರವೇರುತ್ತದೆ ಎಂದು ಧರ್ಮಸಭೆಯ ಕಾನೂನು ಸಂಹಿತೆಯ 1248ನೆಯ ವಿಧಿ ಹೇಳುತ್ತದೆ. ಸಮಯವನ್ನು ಮೊದಲೇ ಕೇಳಿಟ್ಟುಕೊಳ್ಳಿ.

ಕೆಲಸದ ಹಂಚಿಕೆಯೂ ತೀರ್ಮಾನದ ಭಾಗವೇ. ತಾಯಂದಿರು ಮನೆಯ ಒಲೆಯನ್ನು ಕೆರೆಯ ಬಳಿಗೆ ಸಾಗಿಸಿ ಅಲ್ಲೂ ಹೊಗೆ ಕುಡಿಯುವುದಾದರೆ ಅವರಿಗೆ ರಜೆ ಎಲ್ಲಿ ಬಂತು? ಮೊದಲ ರಾತ್ರಿಗೆ ಮನೆಯಿಂದಲೇ ಚಪಾತಿ, ಪುಳಿಯೋಗರೆ ಒಯ್ಯಿರಿ. ಮರುದಿನದ ಅಡುಗೆ ಗಂಡಸರದು, ಪಾತ್ರೆ ತೊಳೆಯುವುದು ಹುಡುಗರದು ಎಂದು ಹೊರಡುವ ಮೊದಲೇ ಬರೆದಿಡಿ.

3. ಆಜ್ಞಾಪಿಸಿ ನಡೆಸುವುದು

ಎಷ್ಟೋ ತಂಡಗಳು ಎಡವುವುದು ಇಲ್ಲಿಯೇ. ಎಲ್ಲರಿಗೂ ನಿಯಮ ಗೊತ್ತು, ಹೇಳುವವರು ಮಾತ್ರ ಯಾರೂ ಇಲ್ಲ. ಹೊರಡುವ ಮೊದಲೇ ಒಬ್ಬರನ್ನು ನಾಯಕರಾಗಿ ಆರಿಸಿ, ಅವರ ಮಾತನ್ನು ಹಿರಿಯರೂ ಕೇಳುವುದಾಗಿ ಒಪ್ಪಿಕೊಳ್ಳಿ. ಕೆರೆಯಲ್ಲಿ ಕಳೆ, ಕೆಸರು ಇರುವುದರಿಂದ ಯಾರೂ ನೀರಿಗಿಳಿಯಬಾರದು; ದೋಣಿಯಲ್ಲಿ ಎಲ್ಲರೂ ಜೀವರಕ್ಷಕ ಜಾಕೆಟ್ ತೊಡಬೇಕು. ಕತ್ತಲಾಗುವ ಮೊದಲು ತಲೆಯೆಣಿಕೆ ಆಗಬೇಕು. ಹಣ್ಣು, ಬೆಲ್ಲ ಗುಡಾರದೊಳಗೆ ಇರಬಾರದು. ಮದ್ಯ ಬೇಡವೇ ಬೇಡ.

ಹವಾಮಾನ ಇಲಾಖೆ ಭಾರಿ ಮಳೆಯ ಎಚ್ಚರಿಕೆ ಕೊಟ್ಟರೆ ಪ್ರವಾಸ ರದ್ದು. ಮುಂಗಡ ಹಣ ಹೋಯಿತು, ಮಕ್ಕಳು ಅತ್ತರು ಎಂದು ಮನಸ್ಸು ಕರಗಿದರೆ ಅದು ಪ್ರೀತಿಯಾಗದು. ಸಂತ ಥಾಮಸರು ಆಜ್ಞೆಯನ್ನು ಮುಖ್ಯವೆಂದದ್ದರ ಅರ್ಥ ಇಲ್ಲಿ ತಿಳಿಯುತ್ತದೆ: ಸರಿಯಾದುದನ್ನು ತಿಳಿದೂ ಅದರಂತೆ ನಡೆಸದವನು ಇನ್ನೂ ವಿವೇಕಿಯಾಗಿಲ್ಲ.

ಪೂಕೋಡಿನ ನೀರು ಪನಮರಂ ಹೊಳೆಯ ಮೂಲಕ ಕಬಿನಿಯನ್ನು ಸೇರಿ, ನಂಜನಗೂಡನ್ನು ಹಾದು ಕಾವೇರಿಗೆ ಬರುತ್ತದೆ. ನಾವು ಅಲ್ಲಿ ಬಿಸಾಡಿದ್ದು ನಮ್ಮತ್ತಲೇ ಹರಿದು ಬಂದೀತು. ಒಯ್ದ ಪ್ಲಾಸ್ಟಿಕ್ಕನ್ನೆಲ್ಲ ಚೀಲದಲ್ಲಿ ಕಟ್ಟಿ ಮರಳಿ ತನ್ನಿ.

ಕುಟುಂಬದಲ್ಲಿ ಚರ್ಚಿಸಲು:

1. ನಮ್ಮ ಕಳೆದ ಪ್ರವಾಸದಲ್ಲಿ ಹೆಚ್ಚು ದಣಿದವರು ಯಾರು? ಈ ಬಾರಿ ಅವರ ಯಾವ ಕೆಲಸವನ್ನು ನಾವು ಹಂಚಿಕೊಳ್ಳಬಹುದು?
2. "ಇಂದು ಹಿಂತಿರುಗೋಣ" ಎಂದು ಹೇಳುವ ಅಧಿಕಾರವನ್ನು ಯಾರಿಗೆ ಕೊಟ್ಟಿದ್ದೇವೆ? ಅವರು ಹೇಳಿದಾಗ ಗೊಣಗದೆ ಕೇಳುವೆವೇ?