ಹಿತ್ತಲ ಕೋಳಿ, ಅಂಬೆಗಾಲಿನ ಮಗು

ಹಿತ್ತಲಲ್ಲಿ ನಾಲ್ಕಾರು ನಾಟಿ ಕೋಳಿಗಳಿದ್ದರೆ ಸಂಸಾರಕ್ಕೆ ಅದೊಂದು ಆಸರೆ. ಚೆಲ್ಲಿದ ನುಚ್ಚು, ಮಿಕ್ಕ ಅನ್ನ, ತಿಪ್ಪೆಯ ಹುಳು ತಿಂದು ಅವು ಮೊಟ್ಟೆ ಕೊಡುತ್ತವೆ. ಸಾಧಾರಣ ಗಾತ್ರದ ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇರುತ್ತದೆ. ನಾಟಿ ಮೊಟ್ಟೆ ಚಿಕ್ಕದು, ಆದ್ದರಿಂದ ಅದರಲ್ಲಿ ಸ್ವಲ್ಪ ಕಡಿಮೆ. ಚಿಪ್ಪಿನ ಬಣ್ಣಕ್ಕೂ ಪೌಷ್ಟಿಕತೆಗೂ ಸಂಬಂಧವಿಲ್ಲ. ರುಚಿಯ ಮಾತು ಬೇರೆ, ಅದಕ್ಕೆ ನನ್ನ ತಕರಾರಿಲ್ಲ.

ಹೀಗಾಗಿ ಕೋಳಿ ಸಾಕಬೇಡಿ ಎಂದು ಹೇಳುವುದು ನನ್ನ ಉದ್ದೇಶವಲ್ಲ. ಆದರೆ ನಿಮ್ಮ ಮನೆಯಲ್ಲಿ ಅಂಬೆಗಾಲಿಡುವ ಮಗುವಿದ್ದರೆ, ಕೋಳಿ ಓಡಾಡುವ ನೆಲ ಬೇರೆ, ಮಗು ಆಡುವ ನೆಲ ಬೇರೆ ಇರಬೇಕು.

ನೋಡಲು ಚೆನ್ನಾಗಿಯೇ ಇರುವ ಕೋಳಿಯ ಕರುಳಿನಲ್ಲೂ ಸಾಲ್ಮೊನೆಲ್ಲಾ, ಕ್ಯಾಂಪಿಲೋಬ್ಯಾಕ್ಟರ್ ಎಂಬ ರೋಗಾಣುಗಳು ಇರಬಹುದು. ಕೋಳಿಗೆ ಅವುಗಳಿಂದ ಅಂಥ ಬಾಧೆಯಿಲ್ಲ. ಹಿಕ್ಕೆಯ ಜೊತೆ ಅವು ನೆಲಕ್ಕೆ ಬೀಳುತ್ತವೆ. ನಾವು ಹಿಕ್ಕೆಯನ್ನು ಕಾಗದದಿಂದ ಬಾಚಿ ಎಸೆದು, ನೆಲ ಶುದ್ಧವಾಯಿತು ಎಂದುಕೊಳ್ಳುತ್ತೇವೆ. ಎಂಟು ತಿಂಗಳ ಮಗು ಅದೇ ಜಾಗದಲ್ಲಿ ಅಂಗೈ ಊರಿ ಬರುತ್ತದೆ, ಆ ಕೈ ಬಾಯಿಗೆ ಹೋಗುತ್ತದೆ. ಪರಿಣಾಮ: ಭೇದಿ, ಜ್ವರ, ಹೊಟ್ಟೆನೋವು, ಕೆಲವೊಮ್ಮೆ ಮಲದಲ್ಲಿ ರಕ್ತ.

ಒಮ್ಮೆ ಬಂದು ಹೋಗುವ ಭೇದಿಗಿಂತ ಮತ್ತೆ ಮತ್ತೆ ಬರುವ ಭೇದಿ ಹೆಚ್ಚು ಕೆಟ್ಟದ್ದು. ಪದೇ ಪದೇ ಸೋಂಕು ತಗುಲಿದ ಕರುಳು ಆಹಾರದ ಸಾರವನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ. "ದಿನಾ ಮೊಟ್ಟೆ ಕೊಡುತ್ತೇವೆ ಡಾಕ್ಟ್ರೇ, ತಿಂದದ್ದು ಮೈಗೆ ಹತ್ತುತ್ತಿಲ್ಲ" ಎನ್ನುವ ತಾಯಂದಿರು ಮಗು ಆಡುವ ನೆಲವನ್ನೊಮ್ಮೆ ನೋಡಬೇಕು. ಮೊಟ್ಟೆಯಿಂದ ಬಂದ ಲಾಭ ಹಿಕ್ಕೆಯಿಂದ ಹೋಗುತ್ತಿರಬಹುದು.

ಬೆಕ್ಕು, ಮುಂಗುಸಿಗಳ ಭಯದಿಂದ ಅನೇಕರು ರಾತ್ರಿ ಕೋಳಿಗಳನ್ನು ಅಡುಗೆಮನೆಯ ಮೂಲೆಯಲ್ಲಿ ಮಂಕರಿಯ ಕೆಳಗೆ ಮುಚ್ಚುತ್ತಾರೆ. ಕಾವಿಗೆ ಕೂತ ಹೇಟೆಗೆ ಮಂಚದ ಕೆಳಗೇ ಜಾಗ. ಈ ರೂಢಿಯನ್ನು ಮೊದಲು ಬಿಡಬೇಕು. ಹಿತ್ತಲ ಗೋಡೆಗೆ ಒತ್ತಿ, ನೆಲದಿಂದ ಒಂದೂವರೆ ಅಡಿ ಎತ್ತರದಲ್ಲಿ, ಹಲಗೆ ಮತ್ತು ತಂತಿ ಬಲೆಯ ಭದ್ರವಾದ ಗೂಡು ಮಾಡಿಸಿ. ಬಾಗಿಲಿಗೆ ಗಟ್ಟಿಯಾದ ಅಗುಳಿ ಇರಲಿ. ಗೂಡು ಗುಡಿಸುವ ಮೊದಲು ನೀರು ಚಿಮುಕಿಸಿ. ಒಣ ಹಿಕ್ಕೆಯ ದೂಳು ಉಬ್ಬಸದವರಿಗೆ ಆಗದು. ಆ ಕೆಲಸಕ್ಕೆ ಬೇರೆ ಚಪ್ಪಲಿ ಇಟ್ಟುಕೊಳ್ಳಿ, ಅದು ಹೊಸ್ತಿಲು ದಾಟದಿರಲಿ. ಕೋಳಿ ಮುಟ್ಟಿದ ಕೈಯನ್ನು ಬರೀ ನೀರಿನಲ್ಲಿ ಅದ್ದಿದರೆ ಸಾಲದು, ಸೋಪು ಬೇಕು. ಕೋಳಿಹೇನು ಕಂಡರೆ ಗದ್ದೆಯ ಕೀಟನಾಶಕ ಸಿಂಪಡಿಸುವವರಿದ್ದಾರೆ. ಅದು ಮನುಷ್ಯರಿಗೂ ವಿಷ. ಬೂದಿ, ಮರಳು ಬೆರೆಸಿದ ಗುಂಡಿ ಮಾಡಿಕೊಟ್ಟರೆ ಕೋಳಿ ತಾನೇ ಹೊರಳಾಡಿ ಮೈ ಕೊಡವಿಕೊಳ್ಳುತ್ತದೆ.

ಮಗುವಿಗೆ ಭೇದಿಯಾದರೆ ಓ.ಆರ್.ಎಸ್. ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ನೀರಿನಲ್ಲಿ ಕಲಸಿ, ಚಮಚದಿಂದ ಸ್ವಲ್ಪ ಸ್ವಲ್ಪವಾಗಿ ಕುಡಿಸಿ. ಎದೆಹಾಲು ನಿಲ್ಲಿಸಬೇಡಿ. ವೈದ್ಯರು ಸತುವಿನ ಮಾತ್ರೆ ಕೊಟ್ಟರೆ, ಭೇದಿ ನಿಂತರೂ 14 ದಿನ ಪೂರ್ತಿ ಕೊಡಿ. ಮಲದಲ್ಲಿ ರಕ್ತ, ಗುಳಿಬಿದ್ದ ಕಣ್ಣು, ಕಡಿಮೆಯಾದ ಮೂತ್ರ, ಮಂಕು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಇನ್ನು ಮೊಟ್ಟೆ. ತಂದ ಕೂಡಲೇ ತಣ್ಣೀರಿನಲ್ಲಿ ತೊಳೆದಿಡುವುದು ಸರಿಯಲ್ಲ. ಚಿಪ್ಪಿನ ಮೇಲೆ ರಕ್ಷಣೆಯ ತೆಳು ಲೇಪವಿದೆ, ಅದರಡಿ ಸಾವಿರಾರು ಸೂಕ್ಷ್ಮ ರಂಧ್ರಗಳಿವೆ. ತೊಳೆದರೆ ಲೇಪ ಹೋಗಿ ಕೊಳೆ ಒಳಗಿಳಿಯಬಹುದು. ಒಣ ಬಟ್ಟೆಯಿಂದ ಒರೆಸಿಡಿ. ಬಾಣಂತಿಗೆ, ಪೈಲ್ವಾನನಿಗೆ ಹಸಿ ಮೊಟ್ಟೆ ಒಳ್ಳೆಯದೆಂಬ ಮಾತೂ ತಪ್ಪು. ಬೇಯಿಸಿದ ಮೊಟ್ಟೆಯ ಪ್ರೋಟೀನ್ ಹೆಚ್ಚು ಚೆನ್ನಾಗಿ ಜೀರ್ಣವಾಗುತ್ತದೆ. ಮಕ್ಕಳು, ಗರ್ಭಿಣಿಯರು, ವೃದ್ಧರಿಗೆ ಹಳದಿ ಗಟ್ಟಿಯಾಗುವವರೆಗೆ ಬೇಯಿಸಿದ್ದೇ ಆಗಬೇಕು.

ಕೊನೆಯದಾಗಿ, ತೂಕಡಿಸುವ ಕೋಳಿಯನ್ನು "ಸಾಯುವ ಮೊದಲೇ ಕೊಯ್ದುಬಿಡೋಣ" ಎನ್ನುವ ಅಭ್ಯಾಸ. ಸಾರು ಕುದ್ದಾಗ ರೋಗಾಣು ಸಾಯುವುದು ನಿಜ. ಅಪಾಯವಿರುವುದು ಕೊಯ್ದು, ಪುಕ್ಕ ಕೀಳುವ ಕೈಗೆ. ಭಾರತದಲ್ಲಿ ಕೋಳಿಗಳ ಹಕ್ಕಿಜ್ವರ ಮೊದಲು ಕಂಡದ್ದು 2006ರಲ್ಲಿ, ಮಹಾರಾಷ್ಟ್ರದ ನವಾಪುರದಲ್ಲಿ. 2020ರಲ್ಲಿ ಮೈಸೂರಿಗೂ ಬಂದಿತ್ತು. ಮನುಷ್ಯರಿಗೆ ಅದು ತಗುಲುವುದು ಅಪರೂಪ, ತಗುಲಿದರೆ ಪ್ರಾಣಾಪಾಯ. ಕೋಳಿಗಳು ಒಟ್ಟೊಟ್ಟಿಗೆ ಸಾಯತೊಡಗಿದರೆ ಅದು ಕೊಕ್ಕರೆ ರೋಗವೋ ಹಕ್ಕಿಜ್ವರವೋ ಹೊರನೋಟಕ್ಕೆ ಗೊತ್ತಾಗದು. ಬರಿಗೈಯಲ್ಲಿ ಮುಟ್ಟದೆ, ಕೆರೆ ಕಾಲುವೆಗೆ ಎಸೆಯದೆ, ಆ ದಿನವೇ ಪಶು ಆಸ್ಪತ್ರೆಗೆ ತಿಳಿಸಿ. ಅವರು ಹೇಳಿದ ಮೇಲೆ ಆಳವಾಗಿ ಗುಂಡಿ ತೋಡಿ, ಸುಣ್ಣ ಹಾಕಿ ಹೂಳಿ. ಕೊಕ್ಕರೆ ರೋಗಕ್ಕೆ ಲಸಿಕೆಯಿದೆ. ಮರಿಗಳಿಗೆ ಮೊದಲ ವಾರದಲ್ಲೇ ಹಾಕಿಸಬಹುದು. ಹನಿ ಹಾಕುವಾಗ ನಿಮ್ಮ ಕಣ್ಣಿಗೆ ಸಿಡಿಯದಂತೆ ನೋಡಿಕೊಳ್ಳಿ, ಸಿಡಿದರೆ ಕೆಲವು ದಿನ ಕಣ್ಣು ಕೆಂಪಾಗಿ ನೀರು ಸುರಿಯುತ್ತದೆ.