ಮೂತ್ರರೋಗ ತಜ್ಞರಲ್ಲಿಗೆ ಮೊದಲ ಸಲ ಹೋಗುವ ಮುನ್ನ

ರಸಾಯನಶಾಸ್ತ್ರದ ಪ್ರಯೋಗಶಾಲೆಯಲ್ಲಿ ಬ್ಯೂರೆಟ್ಟಿನ ಅಂಕಿಯನ್ನು ದಶಾಂಶದವರೆಗೆ ಓದಿ ಬರೆದುಕೊಳ್ಳುವ ವಿದ್ಯಾರ್ಥಿಯೇ ವೈದ್ಯರ ಮುಂದೆ ಕುಳಿತಾಗ ‘ಸುಮಾರು ದಿನದಿಂದ’, ‘ಆಗಾಗ’, ‘ಸ್ವಲ್ಪ ಉರಿ’ ಎಂದಷ್ಟೇ ಹೇಳಿ ತಲೆ ತಗ್ಗಿಸುತ್ತಾನೆ. ಮೂತ್ರಕ್ಕೆ ಸಂಬಂಧಿಸಿದ ತೊಂದರೆಯಾದರಂತೂ ಅಷ್ಟು ಮಾತೂ ಹೊರಡುವುದಿಲ್ಲ. ಆದರೆ ವೈದ್ಯರು ಮುಖ ನೋಡಿ ಭವಿಷ್ಯ ಹೇಳುವವರಲ್ಲ. ತಮ್ಮ ಮುಂದೆ ಬಂದ ವಿವರಗಳಿಂದ ತರ್ಕಿಸಿ ರೋಗವನ್ನು ಗುರುತಿಸುವವರು. ನಾಚಿಕೆಯಿಂದ ಮುಚ್ಚಿಟ್ಟ ವಿವರವು ಪ್ರಯೋಗದಲ್ಲಿ ತಪ್ಪಾಗಿ ಓದಿದ ಅಂಕಿಯಂತೆಯೇ ಫಲಿತಾಂಶವನ್ನು ಕೆಡಿಸುತ್ತದೆ. ಆದುದರಿಂದ ಮೊದಲ ಭೇಟಿಗೆ ಹೇಗೆ ಸಿದ್ಧರಾಗಬೇಕೆಂಬುದನ್ನು ಇಲ್ಲಿ ವಿಚಾರ ಮಾಡೋಣ. ರೋಗಿ ನೀವೇ ಆಗಿರಬಹುದು, ನೀವು ಜೊತೆಯಲ್ಲಿ ಕರೆದೊಯ್ಯುವ ಅಜ್ಜನಾಗಿರಬಹುದು, ಸಿದ್ಧತೆ ಒಂದೇ.

ಈ ತಜ್ಞರ ಕ್ಷೇತ್ರ

ನಮ್ಮ ಬೆನ್ನಿನ ಎರಡು ಬದಿಗಳಲ್ಲಿ, ಕೆಳಗಿನ ಪಕ್ಕೆಲುಬುಗಳ ಸಮೀಪದಲ್ಲಿ, ಅವರೆಬೀಜದ ಆಕಾರದ ಎರಡು ಮೂತ್ರಪಿಂಡಗಳಿವೆ. ಒಂದೊಂದರಲ್ಲಿಯೂ ಸುಮಾರು 10 ಲಕ್ಷ ಸೂಕ್ಷ್ಮ ಶೋಧಕಗಳಿವೆ. ಇವು ದಿನವೊಂದಕ್ಕೆ ರಕ್ತದಿಂದ ಸುಮಾರು 180 ಲೀಟರು ದ್ರವವನ್ನು ಸೋಸಿ, ಅದರ ಬಹುಪಾಲನ್ನು ಮರಳಿ ರಕ್ತಕ್ಕೇ ಸೇರಿಸಿ, ಒಂದೂವರೆ ಲೀಟರಿನಷ್ಟನ್ನು ಮಾತ್ರ ಮೂತ್ರವಾಗಿ ಹೊರಕ್ಕೆ ಕಳುಹಿಸುತ್ತವೆ. ಅದು 25–30 ಸೆಂಟಿಮೀಟರ್ ಉದ್ದದ ಎರಡು ಮೂತ್ರನಾಳಗಳ ಮೂಲಕ ಇಳಿದು ಮೂತ್ರಾಶಯದಲ್ಲಿ ನಿಲ್ಲುತ್ತದೆ. ವಯಸ್ಕರ ಮೂತ್ರಾಶಯ 400–500 ಮಿಲಿಲೀಟರನ್ನು ಹಿಡಿಯಬಲ್ಲುದು. ಅಲ್ಲಿಂದ ದೇಹದ ಹೊರಗೆ ಒಯ್ಯುವ ಕೊನೆಯ ನಾಳವು ಗಂಡಸರಲ್ಲಿ ಸುಮಾರು 20 ಸೆಂಟಿಮೀಟರ್, ಹೆಂಗಸರಲ್ಲಿ ಸುಮಾರು 4 ಸೆಂಟಿಮೀಟರ್ ಉದ್ದ. ಹೆಂಗಸರಲ್ಲಿ ಮೂತ್ರದ ಸೋಂಕು ಹೆಚ್ಚಾಗಿ ಕಾಣಿಸಿಕೊಳ್ಳುವುದಕ್ಕೆ ಈ ಗಿಡ್ಡ ದಾರಿಯೇ ಒಂದು ಮುಖ್ಯ ಕಾರಣ. ಸೋಂಕಾದ ಹುಡುಗಿ ತನ್ನಲ್ಲೇ ಏನೋ ತಪ್ಪಿದೆಯೆಂದು ಕುಗ್ಗಬೇಕಾಗಿಲ್ಲ.

ಈ ದಾರಿಯಲ್ಲಿ ಎಲ್ಲಿಯಾದರೂ ಕಲ್ಲು, ಗಡ್ಡೆ, ಇಕ್ಕಟ್ಟು ಅಥವಾ ಸೋಂಕು ಉಂಟಾದರೆ ನೋಡುವವರು ಮೂತ್ರರೋಗ ತಜ್ಞರು, ಅಂದರೆ ಯುರಾಲಜಿಸ್ಟರು. ಗಂಡಸರ ಜನನಾಂಗಗಳ ರೋಗಗಳೂ ಇವರ ಕ್ಷೇತ್ರಕ್ಕೇ ಸೇರಿವೆ. ಶೋಧಕಗಳೇ ದುರ್ಬಲವಾಗಿ ರಕ್ತ ಶುದ್ಧಿಯಾಗದಿದ್ದರೆ ನೋಡುವವರು ನೆಫ್ರಾಲಜಿಸ್ಟರು. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿರುವ ಸರ್ಕಾರಿ ನೆಫ್ರೋ–ಯುರಾಲಜಿ ಸಂಸ್ಥೆಯ ಹೆಸರಿನಲ್ಲಿ ಈ ಎರಡು ಶಾಖೆಗಳೂ ಜೊತೆಗೂಡಿರುವುದನ್ನು ಗಮನಿಸಬಹುದು.

ಯುರಾಲಜಿ ಶಸ್ತ್ರವೈದ್ಯದ ಶಾಖೆಯಾದುದರಿಂದ, ಹೋದೊಡನೆ ಕತ್ತಿಗೆ ಮೈಯೊಡ್ಡಬೇಕೆಂದು ಹೆದರುವವರುಂಟು. ಕಲ್ಲನ್ನು ಶಸ್ತ್ರದಿಂದ ತೆಗೆಯುವ ಕ್ರಮ ಸುಶ್ರುತ ಸಂಹಿತೆಯಷ್ಟು ಹಳೆಯದೆಂಬುದು ನಿಜ; ಅಲ್ಲಿ ಇದಕ್ಕೆ ಅಶ್ಮರಿ ಎಂದು ಹೆಸರು. ಆದರೆ 1980ರಲ್ಲಿ ಜರ್ಮನಿಯ ಮ್ಯೂನಿಕ್ ನಗರದಲ್ಲಿ, ದೇಹದ ಹೊರಗಿನಿಂದಲೇ ಆಘಾತ ತರಂಗಗಳನ್ನು ಹಾಯಿಸಿ ರೋಗಿಯ ಮೂತ್ರಪಿಂಡದ ಕಲ್ಲನ್ನು ಪುಡಿಮಾಡುವ ಚಿಕಿತ್ಸೆ ಆರಂಭವಾಯಿತು. ಸಣ್ಣ ಕಲ್ಲುಗಳು ಅನೇಕ ವೇಳೆ ತಾವಾಗಿಯೇ ಹೊರಬೀಳುತ್ತವೆ. ಮೊದಲ ಭೇಟಿಯಲ್ಲಿ ನಡೆಯುವುದು ಬಹುಮಟ್ಟಿಗೆ ಪ್ರಶ್ನೆ, ಪರೀಕ್ಷೆ ಇವೇ.

ಮೂರು ದಿನದ ದಿನಚರಿ

ಸಿದ್ಧತೆಯ ಮೊದಲ ಭಾಗಕ್ಕೆ ಒಂದು ನೋಟುಪುಸ್ತಕ, ಗಡಿಯಾರ, ಮತ್ತು ಇದಕ್ಕೆಂದೇ ಬೇರೆಯಿಟ್ಟ ಒಂದು ಅಳತೆಯ ಪಾತ್ರೆ ಸಾಕು. ಮೂರು ದಿನ, ಹಗಲೂ ರಾತ್ರಿಯೂ, ನೀರು–ಕಾಫಿ ಮೊದಲಾದವನ್ನು ಎಷ್ಟು ಕುಡಿದಿರಿ, ಯಾವ ಹೊತ್ತಿನಲ್ಲಿ ಎಷ್ಟು ಮಿಲಿಲೀಟರ್ ಮೂತ್ರವಾಯಿತು, ಆಗ ಉರಿಯಾಗಲಿ ತಡೆಯಲಾರದ ಅವಸರವಾಗಲಿ ಇತ್ತೆ, ಬಟ್ಟೆಯಲ್ಲಿ ಸೋರಿತೆ ಎಂಬುದನ್ನು ಬರೆಯಬೇಕು.

ಇದರ ಪ್ರಯೋಜನವನ್ನು ಒಂದು ಉದಾಹರಣೆಯಿಂದ ನೋಡೋಣ. ಇಬ್ಬರು ಹಿರಿಯರು ವೈದ್ಯರಲ್ಲಿಗೆ ಬಂದು, ‘ರಾತ್ರಿ ನಾಲ್ಕು ಸಲ ಏಳಬೇಕಾಗುತ್ತದೆ’ ಎಂದು ಒಂದೇ ದೂರನ್ನು ಹೇಳುತ್ತಾರೆಂದು ಭಾವಿಸಿ. ಒಬ್ಬರ ದಿನಚರಿಯಲ್ಲಿ ಪ್ರತಿ ಸಲವೂ 80 ಮಿಲಿಲೀಟರ್ ಎಂದಿದೆ, ಇನ್ನೊಬ್ಬರದರಲ್ಲಿ 400. ಮೊದಲನೆಯವರ ಮೂತ್ರಾಶಯ ಸರಿಯಾಗಿ ತುಂಬುತ್ತಿಲ್ಲ, ಇಲ್ಲವೆ ಪೂರ್ತಿ ಖಾಲಿಯಾಗುತ್ತಿಲ್ಲ. ಮೂತ್ರಾಶಯದ ಕೆಳಗೆ ಹೊರನಾಳವನ್ನು ಸುತ್ತುವರಿದಿರುವ ಪ್ರಾಸ್ಟೇಟ್ ಗ್ರಂಥಿ ಬೆಳೆದು ದಾರಿಯನ್ನು ಒತ್ತುತ್ತಿರಬಹುದು. ಎರಡನೆಯವರ ಮೂತ್ರಾಶಯ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿದೆ. ಮೂತ್ರವೇ ರಾತ್ರಿಯಲ್ಲಿ ಅತಿಯಾಗಿ ಉತ್ಪತ್ತಿಯಾಗುತ್ತಿದೆ. ಸಂಜೆ ಹೆಚ್ಚು ನೀರು ಕುಡಿಯುವ ಅಭ್ಯಾಸ, ಸಿಹಿಮೂತ್ರ ರೋಗ, ಹೃದಯದ ದೌರ್ಬಲ್ಯ ಇವುಗಳ ಕಡೆಗೆ ವೈದ್ಯರು ದೃಷ್ಟಿ ಹರಿಸಬೇಕಾಗುತ್ತದೆ. ದೂರು ಒಂದೇ, ಕಾರಣ ಬೇರೆ ಬೇರೆ. ಅವನ್ನು ಬೇರ್ಪಡಿಸಲು ನೆರವಾದುದು ಅಳತೆ.

ಬೇರೆ ಸಾಕ್ಷ್ಯಗಳು

ಮೂತ್ರದ ಬಣ್ಣವನ್ನೂ ಗಮನಿಸಬೇಕು. ಬೀಟ್‌ರೂಟ್ ತಿಂದ ಮೇಲೆ ಕೆಲವರ ಮೂತ್ರ ಕೆಂಪಾಗುವುದುಂಟು. ಕ್ಷಯರೋಗಕ್ಕೆ ಕೊಡುವ ರಿಫಾಂಪಿಸಿನ್ ಔಷಧವೂ ಅದಕ್ಕೆ ಕಿತ್ತಳೆಗೆಂಪು ಬಣ್ಣ ಕೊಡುತ್ತದೆ. ಇಂತಹ ಕಾರಣವಿಲ್ಲದೆ ಒಮ್ಮೆ ರಕ್ತ ಕಂಡು ಮರುದಿನ ನಿಂತುಹೋಗಿದ್ದರೆ, ನೋವೇ ಇಲ್ಲದಿದ್ದರೂ, ‘ನಿಂತಿತಲ್ಲ’ ಎಂದು ಸುಮ್ಮನಾಗಬಾರದು. ಮೂತ್ರಾಶಯದ ಕ್ಯಾನ್ಸರಿನ ಮೊದಲ ಸೂಚನೆ ಹೀಗೆ ನೋವಿಲ್ಲದೆಯೇ ಬರಬಹುದು. ಆ ರೋಗಕ್ಕೆ ಧೂಮಪಾನ ಒಂದು ಪ್ರಬಲ ಕಾರಣ. ಮನೆಯವರಿಂದ ಮುಚ್ಚಿಟ್ಟ ಅಭ್ಯಾಸವನ್ನೂ ವೈದ್ಯರಿಗೆ ಹೇಳಲೇಬೇಕು.

ಕಲ್ಲು ಹೊರಬಿದ್ದಿದ್ದರೆ ಎಸೆಯದೆ ಒಣಗಿಸಿ, ಪೊಟ್ಟಣ ಕಟ್ಟಿ ಒಯ್ಯಿರಿ. ಅದರ ರಾಸಾಯನಿಕ ಸ್ವರೂಪ ತಿಳಿದರೆ ಮುಂದೆ ಕಲ್ಲಾಗದಂತೆ ತಡೆಯಲು ದಾರಿಯಾಗುತ್ತದೆ. ಹಳೆಯ ವರದಿಗಳು, ಚಿತ್ರಗಳು, ನಾಟಿ ಔಷಧವೂ ಸೇರಿದಂತೆ ತೆಗೆದುಕೊಳ್ಳುತ್ತಿರುವ ಎಲ್ಲ ಔಷಧಗಳ ಪಟ್ಟಿ, ಮನೆತನದಲ್ಲಿ ಯಾರಿಗಾದರೂ ಇಂತಹ ರೋಗವಿತ್ತೆ ಎಂಬ ಮಾಹಿತಿ ಜೊತೆಯಲ್ಲಿರಲಿ. ಎರಡು ತಪ್ಪುಗಳನ್ನು ಮಾಡಬೇಡಿ. ಮನೆಯಲ್ಲಿ ಉಳಿದಿದ್ದ ಆ್ಯಂಟಿಬಯಾಟಿಕ್ ಮಾತ್ರೆಯನ್ನು ನುಂಗಿ ಹೋದರೆ ಪರೀಕ್ಷೆಯಲ್ಲಿ ರೋಗಾಣು ಕಾಣದೆ ಹೋಗಬಹುದು. ಅಜ್ಜನ ರಕ್ತ ತೆಳುಗೊಳಿಸುವ ಮಾತ್ರೆಯನ್ನು ವೈದ್ಯರು ಹೇಳದೆ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯವಾಗಬಹುದು.

ಭೇಟಿಯ ದಿನ

ಮೂತ್ರ ಪರೀಕ್ಷೆ ಬಹುಶಃ ಖಂಡಿತ ಎನ್ನಬಹುದಾದುದರಿಂದ, ಆಸ್ಪತ್ರೆಗೆ ಹೊರಡುವಾಗ ಮೂತ್ರಾಶಯವನ್ನು ಖಾಲಿ ಮಾಡಿಕೊಂಡು ಹೋಗದಿರುವುದು ಒಳ್ಳೆಯದು. ಅಲ್ಲಿ ಕೊಡುವ ಶುದ್ಧವಾದ ಡಬ್ಬಿಯಲ್ಲಿ, ಮೊದಲ ಧಾರೆಯನ್ನು ಬಿಟ್ಟು ನಡುವಿನ ಧಾರೆಯನ್ನು ಹಿಡಿಯಬೇಕು. ಮೊದಲ ಧಾರೆ ಚರ್ಮದ ಮೇಲಿನ ಅಣುಜೀವಿಗಳನ್ನೂ ಕೊಚ್ಚಿ ತರುತ್ತದೆ. ಶಬ್ದಾತೀತ ತರಂಗಗಳ ಪರೀಕ್ಷೆ, ಅಂದರೆ ಅಲ್ಟ್ರಾಸೌಂಡ್ ಬೇಕಾದರೂ ತುಂಬಿದ ಮೂತ್ರಾಶಯವೇ ಸ್ಪಷ್ಟವಾಗಿ ಕಾಣುತ್ತದೆ. ವೈದ್ಯರು ಹೊಟ್ಟೆಯನ್ನು, ಅಗತ್ಯವಿದ್ದರೆ ಜನನಾಂಗಗಳನ್ನು ಪರೀಕ್ಷಿಸುತ್ತಾರೆ. ಹಿರಿಯರಲ್ಲಿ ಗುದದ್ವಾರದ ಮೂಲಕ ಬೆರಳಿನಿಂದ ಪ್ರಾಸ್ಟೇಟ್ ಗ್ರಂಥಿಯನ್ನು ಮುಟ್ಟಿ ನೋಡುವುದೂ ಉಂಟು. ಏನು ಮಾಡುತ್ತಾರೆ, ಏಕೆ ಮಾಡುತ್ತಾರೆಂದು ಮೊದಲೇ ಕೇಳಬಹುದು. ತಾಯಿ ಅಥವಾ ದಾದಿ ಹತ್ತಿರ ಇರಲೆಂದು ಹೇಳಬಹುದು. ಮನೆಯವರು ಸ್ವಲ್ಪ ಹೊತ್ತು ಹೊರಗಿರಲೆಂದೂ ಕೋರಬಹುದು.

ಭೇಟಿಗಾಗಿ ಕಾಯಬಾರದ ಸಂದರ್ಭಗಳು

ಮೂತ್ರ ಪೂರ್ತಿ ಕಟ್ಟಿಹೋದರೆ, ಪಕ್ಕೆಯ ನೋವಿನ ಜೊತೆಗೆ ಚಳಿಜ್ವರ ಬಂದರೆ, ರಕ್ತದ ಗರಣೆಗಳು ಬಿದ್ದರೆ ಒಡನೆಯೇ ಆಸ್ಪತ್ರೆಗೆ ಹೋಗಬೇಕು. ಹುಡುಗರು ನೆನಪಿಡಬೇಕಾದುದು ಇನ್ನೊಂದಿದೆ. ಹದಿಹರೆಯದಲ್ಲಿ ವೃಷಣಕ್ಕೆ ರಕ್ತವನ್ನೊಯ್ಯುವ ಹುರಿ ಒಮ್ಮೊಮ್ಮೆ ಹಠಾತ್ತಾಗಿ ತಿರುಚಿಕೊಂಡು ರಕ್ತಸಂಚಾರ ನಿಂತುಹೋಗುತ್ತದೆ. ತೀವ್ರ ನೋವು, ಅನೇಕ ವೇಳೆ ವಾಂತಿ; ಕೆಲವರಿಗೆ ಕಿಬ್ಬೊಟ್ಟೆಯಲ್ಲಷ್ಟೇ ನೋವು. ಸುಮಾರು 6 ಗಂಟೆಗಳ ಒಳಗೆ ಶಸ್ತ್ರಕ್ರಿಯೆಯಿಂದ ತಿರುಚನ್ನು ಬಿಡಿಸಿದರೆ ವೃಷಣ ಸಾಮಾನ್ಯವಾಗಿ ಉಳಿಯುತ್ತದೆ. ತಡವಾದಷ್ಟೂ ಉಳಿಯುವ ಸಂಭವ ಕುಗ್ಗುತ್ತದೆ. ನಾಚಿಕೆಯಿಂದ ‘ಹೊಟ್ಟೆನೋವು’ ಎಂದು ಹೇಳಿ ಬೆಳಗಿನವರೆಗೆ ಮಲಗಿದ ಹುಡುಗ ಅಂಗವನ್ನೇ ಕಳೆದುಕೊಳ್ಳಬಹುದು. ಅಪರಾತ್ರಿಯಾದರೂ ಮನೆಯವರನ್ನು ಎಬ್ಬಿಸಿ, ನೋವಿರುವ ಜಾಗವನ್ನು ಹೆಸರಿಸಿ ಹೇಳಬೇಕು.

ಅಭ್ಯಾಸ

ಆರೋಗ್ಯವಾಗಿರುವಾಗಲೇ ಒಂದು ದಿನದ ದಿನಚರಿಯನ್ನು ಬರೆದು ನೋಡಿರಿ: ಎಷ್ಟು ಕುಡಿದಿರಿ, ಎಷ್ಟು ಸಲ ಎಷ್ಟೆಷ್ಟು ಹೊರಹೋಯಿತು? ಎರಡರ ಮೊತ್ತ ಸಮವಾಗದಿದ್ದರೆ ಉಳಿದುದು ಎಲ್ಲಿ ಹೋಯಿತೆಂದು ಯೋಚಿಸಿರಿ. ಬೆವರು, ಉಸಿರು ಮತ್ತು ಆಹಾರದಲ್ಲಿನ ನೀರು ಇವನ್ನು ಮರೆಯಬೇಡಿ. ನಿಮ್ಮ ಸಹಜ ಅಳತೆ ನಿಮಗೆ ತಿಳಿದಿದ್ದರೆ, ಮುಂದೆ ಅದು ತಪ್ಪಿದ ದಿನ ವೈದ್ಯರಿಗೆ ಹೇಳಲು ನಿಮ್ಮಲ್ಲಿ ಸ್ಪಷ್ಟವಾದ ಮಾತಿರುತ್ತದೆ.